ಬೀಟಾಮ್ಯಾಕ್ಸ್ ಮಾಯವಾಗುತ್ತಾ?

1984ರ ಜನವರಿ ಕೊನೆಯಲ್ಲಿ ಸೋನಿ ಕಂಪನಿ ಜಪಾನಿನ ದಿನಪತ್ರಿಕೆಗಳಲ್ಲಿ ನಾಲ್ಕು ದಿನ ಸಾಲಾಗಿ ಜಾಹೀರಾತು ಹಾಕಿಸಿತು. ಮೊದಲ ದಿನದ ತಲೆಬರಹದಲ್ಲಿ ಕೇಳಿದ್ದು, ಬೀಟಾಮ್ಯಾಕ್ಸ್ ಮಾಯವಾಗುತ್ತಾ ಅಂತ. ಎರಡನೇ ದಿನ, ಬೀಟಾಮ್ಯಾಕ್ಸ್ ಕೊಂಡರೆ ನಷ್ಟವಾ ಅಂತ. ಮೂರನೇ ದಿನ, ಮುಂದೆ ಬೀಟಾಮ್ಯಾಕ್ಸ್ ಗತಿ ಏನು ಅಂತ. ನಾಲ್ಕನೇ ದಿನ ಉತ್ತರ ಬಂತು, ಬೀಟಾಮ್ಯಾಕ್ಸ್ ಇನ್ನೂ ಇನ್ನೂ ಸ್ವಾರಸ್ಯವಾಗ್ತಾ ಹೋಗುತ್ತೆ ಅಂತ. ಜನರ ಕುತೂಹಲ ಕೆರಳಿಸಿ, ಕೊನೆಗೆ ಹೊಸ ಯಂತ್ರಗಳ ಸುದ್ದಿ ಹೇಳೋಣ ಅನ್ನೋದು ಕಂಪನಿಯ ಲೆಕ್ಕ. ಆದರೆ ಪೇಪರ್ ಓದುವವರಲ್ಲಿ ಮುಕ್ಕಾಲು ಪಾಲು ಜನ ತಲೆಬರಹ ಓದಿ ಪುಟ ತಿರುವುತ್ತಾರೆ. ತಯಾರಿಸಿದವನೇ "ಇದು ಮಾಯವಾಗುತ್ತಾ?" ಅಂತ ಕೇಳ್ತಿದ್ದಾನೆ ಅಂದ್ರೆ ಒಳಗೆ ಏನೋ ಇರಬೇಕು ಅಂತ ಗಿರಾಕಿಗಳು ಅಂದುಕೊಂಡರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ವಿಚಿತ್ರ ನೋಡಿ, ಅದೇ ತಿಂಗಳು 17ನೇ ತಾರೀಕು ಅಮೆರಿಕದ ಸುಪ್ರೀಂ ಕೋರ್ಟು ಅದೇ ಬೀಟಾಮ್ಯಾಕ್ಸ್ ಪರವಾಗಿ ತೀರ್ಪು ಕೊಟ್ಟಿತ್ತು. ಮನೆಯಲ್ಲಿ ಕೂತು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ಅಪರಾಧ ಅಲ್ಲ ಅಂತ. ಏಳು ವರ್ಷ ಕೋರ್ಟು ಅಲೆದು ಸೋನಿ ಗೆದ್ದ ಹಕ್ಕು ಅದು. ಹಕ್ಕು ಸಿಕ್ಕಿತು, ಯಂತ್ರ ಸೋತಿತು. ಆ ಹಕ್ಕಿನ ಫಸಲು ಕೊಯ್ದವರು ಎದುರಾಳಿಗಳು.

ಒಂದು ಹೊಸ ಫಾರ್ಮ್ಯಾಟ್ ಬಂದಾಗ ಅದು ಜನಪ್ರಿಯವಾಗುತ್ತೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಮಾಮೂಲಾಗಿ ನಾವು ವ್ಯಾಪಾರದ ಪ್ರಶ್ನೆ ಅಂತ ಬಿಟ್ಟುಬಿಡುತ್ತೇವೆ. ಯಾವ ಕಂಪನಿ ಗೆದ್ದರೆ ನಮಗೇನು? ರೆಡಿಯಾಗಿ ಸಿಗುವ ಸಿನಿಮಾದ ವಿಷಯದಲ್ಲಿ ಅದು ನಿಜವೇ, ಇನ್ನೊಂದು ರೂಪದಲ್ಲಿ ಮತ್ತೆ ಕೊಳ್ಳಬಹುದು. ಆದರೆ ನಾವೇ ರೆಕಾರ್ಡ್ ಮಾಡಿಕೊಳ್ಳುವ ಫಾರ್ಮ್ಯಾಟ್ ಹಾಗಲ್ಲ. ಅದರೊಳಗೆ ಇರುವುದು ಜಗತ್ತಿನಲ್ಲಿ ಒಂದೇ ಒಂದು ಪ್ರತಿ. ಅದನ್ನು ಓದುವ ಯಂತ್ರ ನಲವತ್ತು ವರ್ಷದ ಮೇಲೂ ಎಲ್ಲೋ ಒಂದು ಕಡೆ ಸಿಗಬೇಕಾದರೆ, ಅಂಥ ಯಂತ್ರಗಳು ಒಂದು ಕಾಲದಲ್ಲಿ ಕೋಟಿಗಟ್ಟಲೆ ಮಾರಾಟವಾಗಿರಬೇಕು. ಹಾಗಾಗಿ ಈ ಹಳೇ ಜಗಳದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಟೇಪಿನ ವಿಷಯ. ಟಿವಿ ಚಿತ್ರವನ್ನು ಟೇಪಿನ ಮೇಲೆ ಹಿಡಿದಿಡುವ ಕೆಲಸಕ್ಕೆ ಬರುವ ಮೊದಲ ಯಂತ್ರವನ್ನು ಆಂಪೆಕ್ಸ್ ಕಂಪನಿ 1956ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ತೋರಿಸಿತು. ಎರಡು ಇಂಚು ಅಗಲದ ಟೇಪು, ಸುಮಾರು 50,000 ಡಾಲರ್ ಬೆಲೆ. ಅದನ್ನು ಕಟ್ಟಿದ ಚಾರ್ಲ್ಸ್ ಗಿನ್ಸ್‌ಬರ್ಗ್ ತಂಡದಲ್ಲಿ ರೇ ಡಾಲ್ಬಿ ಅನ್ನುವ ಹುಡುಗನೂ ಇದ್ದ. ಹೌದು, ಥಿಯೇಟರುಗಳಲ್ಲಿ ನಾವು ನೋಡುವ ಡಾಲ್ಬಿಯ ಡಾಲ್ಬಿ. ಅಮೆರಿಕದ ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ಮೂರು ಗಂಟೆ ವ್ಯತ್ಯಾಸ. ನ್ಯೂಯಾರ್ಕಿನ ಸಂಜೆ ವಾರ್ತೆಯನ್ನು ಹಿಡಿದಿಟ್ಟು ಕ್ಯಾಲಿಫೋರ್ನಿಯಾದವರಿಗೆ ಅವರ ಸಂಜೆಗೆ ಕೊಡುವುದು ಅದರ ಮೊದಲ ಉಪಯೋಗಗಳಲ್ಲಿ ಒಂದು.

ಅದನ್ನು ಮನೆಗೆ ತರೋದು ಹೇಗೆ? ಇಲ್ಲೊಂದು ಚಮತ್ಕಾರ ಇದೆ. ನಮ್ಮ ಹಳೇ ಆಡಿಯೋ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತಿತ್ತು. ಚಿತ್ರದಲ್ಲಿ ಹಾಡಿಗಿಂತ ನೂರಾರು ಪಟ್ಟು ಹೆಚ್ಚು ವಿವರ ಇರುತ್ತದೆ, ಅಂದಮೇಲೆ ವಿಡಿಯೋ ಟೇಪು ಭೋರ್ ಅಂತ ಓಡಬೇಕಲ್ಲ? ಇಲ್ಲ. ಮೊದಲ ಬೀಟಾಮ್ಯಾಕ್ಸಿನಲ್ಲಿ ಅದು ಓಡಿದ್ದು ಸೆಕೆಂಡಿಗೆ 4 ಸೆಂಟಿಮೀಟರ್, ಆಡಿಯೋ ಕ್ಯಾಸೆಟ್ಟಿಗಿಂತ ನಿಧಾನ. ಯಾಕೆಂದರೆ ಟೇಪು ನಿಧಾನವಾಗಿ ಸರಿದರೂ, ಬರೆಯುವ ಹೆಡ್ಡುಗಳು ಒಂದು ಉರುಳೆಯಲ್ಲಿ ಕೂತು ಸೆಕೆಂಡಿಗೆ ಮೂವತ್ತು ಸುತ್ತು ಗಿರಗಿರ ತಿರುಗುತ್ತವೆ. ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತಾ ಹೋಗುತ್ತವೆ. ಹೆಡ್ಡಿಗೂ ಟೇಪಿಗೂ ನಡುವಿನ ವೇಗ ಸೆಕೆಂಡಿಗೆ ಸುಮಾರು 7 ಮೀಟರ್! ಇನ್ನೂ ಒಂದು ಉಪಾಯ ಉಂಟು. ಎರಡು ಹೆಡ್ಡುಗಳನ್ನು ಒಂದನ್ನು ಸ್ವಲ್ಪ ಎಡಕ್ಕೆ, ಒಂದನ್ನು ಸ್ವಲ್ಪ ಬಲಕ್ಕೆ ವಾಲಿಸಿ ಕೂರಿಸಿದರು. ಒಂದು ಬರೆದ ಗೆರೆ ಇನ್ನೊಂದಕ್ಕೆ ಸರಿಯಾಗಿ ಓದೋಕೆ ಬರಲ್ಲ. ಹಾಗಾಗಿ ಗೆರೆಗೂ ಗೆರೆಗೂ ಮಧ್ಯೆ ಖಾಲಿ ಜಾಗ ಬಿಡದೆ ಒತ್ತಾಗಿ ಬರೆಯಬಹುದು. ಜಪಾನಿ ಭಾಷೆಯಲ್ಲಿ ಜಾಗ ಬಿಡದೆ ಪೂರ್ತಿ ಬಳಿಯುವುದಕ್ಕೆ "ಬೆಟಾ" ಅನ್ನುತ್ತಾರೆ. ಯಂತ್ರದೊಳಗೆ ಟೇಪು ಸುತ್ತಿಕೊಳ್ಳುವ ದಾರಿಯೂ ಗ್ರೀಕ್ ಅಕ್ಷರ ಬೀಟಾದ ಹಾಗೆ ಕಾಣುತ್ತಿತ್ತು. ಹೆಸರು ಬಂದದ್ದು ಹಾಗೆ.

ಫಾರ್ಮ್ಯಾಟ್ ಅಂದರೆ ಇಷ್ಟೇ ಸ್ವಾಮಿ. ಟೇಪಿನ ಅಗಲ, ಓಡುವ ವೇಗ, ಗೆರೆಯ ಓರೆ, ಡಬ್ಬಿಯ ಅಳತೆ, ಇವುಗಳ ಮೇಲೆ ಒಂದಷ್ಟು ಜನ ಮಾಡಿಕೊಂಡ ಒಪ್ಪಂದ. ಒಪ್ಪಂದದಿಂದ ಹೊರಗೆ ಉಳಿದ ಯಂತ್ರಕ್ಕೆ ಅದು ಬರೀ ಕಪ್ಪು ರಿಬ್ಬನ್ನು.

ಮನೆಯ ರೆಕಾರ್ಡಿಂಗಿನ ಕನಸು ಬೀಟಾಮ್ಯಾಕ್ಸಿಗಿಂತ ಮೊದಲೇ ಒಂದು ಸಲ ಬಿದ್ದುಹೋಗಿತ್ತು. 1972ರಲ್ಲಿ ಅಮೆರಿಕದ ಸಿಯರ್ಸ್ ಅಂಗಡಿಗಳಲ್ಲಿ ಕಾರ್ಟ್ರಿವಿಷನ್ ಅನ್ನುವ ಯಂತ್ರ ಮಾರಾಟಕ್ಕೆ ಬಂತು, ದೊಡ್ಡ ಟಿವಿ ಪೆಟ್ಟಿಗೆಯೊಳಗೇ ಕೂತು. ಟಿವಿಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡಬಹುದಿತ್ತು, ಸಿನಿಮಾ ಬಾಡಿಗೆಗೂ ತರಬಹುದಿತ್ತು. ಬಾಡಿಗೆಯ ಕ್ಯಾಸೆಟ್ಟುಗಳು ಕೆಂಪು ಬಣ್ಣದವು. ಅವುಗಳನ್ನು ಮನೆಯಲ್ಲಿ ರಿವೈಂಡ್ ಮಾಡೋಕೆ ಆಗದ ಹಾಗೆ ಮಾಡಿದ್ದರು! ಒಂದು ಸಲ ನೋಡಬೇಕು, ಅಂಗಡಿಗೆ ವಾಪಸ್ ಕೊಡಬೇಕು. ಮಧ್ಯೆ ಎದ್ದು ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಒಂದು ದೃಶ್ಯ ತಪ್ಪಿದರೆ, ತಪ್ಪಿತು. ಟೇಪು ಉಳಿಸಲು ಟಿವಿ ಕಳಿಸುವ ಮೂರು ಚಿತ್ರಗಳಲ್ಲಿ ಒಂದನ್ನು ಮಾತ್ರ ಬರೆದುಕೊಂಡು, ಅದನ್ನೇ ಮೂರು ಸಲ ತೋರಿಸುತ್ತಿತ್ತು. ಒಂದೇ ವರ್ಷಕ್ಕೆ ಅಂಗಡಿ ಮುಚ್ಚಿತು. ಗೋದಾಮಿನಲ್ಲಿದ್ದ ಟೇಪುಗಳು ತಾವಾಗಿಯೇ ಹಾಳಾಗತೊಡಗಿದ್ದವು ಅನ್ನೋದು ಇನ್ನೊಂದು ದುರದೃಷ್ಟ. ಅದರಲ್ಲಿ ಪ್ರೀತಿಯಿಂದ ಏನಾದರೂ ರೆಕಾರ್ಡ್ ಮಾಡಿಟ್ಟುಕೊಂಡ ಕುಟುಂಬಗಳೂ ಇದ್ದಿರಬೇಕಲ್ಲ!

ಸೋನಿ, ಜೆವಿಸಿ ಮತ್ತು ಮತ್ಸುಷಿತ (ನ್ಯಾಷನಲ್, ಪ್ಯಾನಾಸಾನಿಕ್ ಹೆಸರಿನಲ್ಲಿ ನಮಗೆ ಗೊತ್ತಿರುವ ಕಂಪನಿ), ಈ ಮೂವರೂ 1970ರ ಹೊತ್ತಿಗೆ ಸ್ನೇಹಿತರೇ. ಮುಕ್ಕಾಲು ಇಂಚಿನ ಯು-ಮ್ಯಾಟಿಕ್ ಅನ್ನುವ ಫಾರ್ಮ್ಯಾಟನ್ನು ಮೂವರೂ ಒಪ್ಪಿ, ಪೇಟೆಂಟುಗಳನ್ನು ಪರಸ್ಪರ ಬಳಸಿಕೊಳ್ಳುವ ಒಪ್ಪಂದಕ್ಕೆ ಬಂದಿದ್ದರು. ಮನೆಗೆ ಅಂತ ಮಾಡಿದ ಯು-ಮ್ಯಾಟಿಕ್ ತೂಕ ಮತ್ತು ಬೆಲೆ ಎರಡರಲ್ಲೂ ಭಾರಿಯಾಗಿ, ಶಾಲೆ, ಆಫೀಸು, ಟಿವಿ ಸ್ಟೇಷನ್‌ಗಳಿಗೆ ಹೋಗಿ ಸೇರಿತು. ಆಮೇಲೆ ಸೋನಿಯ ಇಂಜಿನಿಯರ್ ನೊಬುತೋಷಿ ಕಿಹಾರಾ ಅವರಿಗೆ ಹೊಸ ಅಪ್ಪಣೆ ಆಯಿತು. ಕ್ಯಾಸೆಟ್ಟು ಜೇಬಿಗೆ ಹಿಡಿಸುವ ಸಣ್ಣ ಪುಸ್ತಕದಷ್ಟಿರಬೇಕು, ಅಷ್ಟೇ. 1975ರ ಮೇ 10ರಂದು ಜಪಾನಿನಲ್ಲಿ ಬೀಟಾಮ್ಯಾಕ್ಸ್ ಮಾರಾಟಕ್ಕೆ ಬಂತು, ವರ್ಷದ ಕೊನೆಗೆ ಅಮೆರಿಕಕ್ಕೆ. ಅಮೆರಿಕದಲ್ಲಿ ಮೊದಲು ಮಾರಿದ್ದು ಟಿವಿ ಜೊತೆ ಸೇರಿಸಿದ ಪೆಟ್ಟಿಗೆ, ಬೆಲೆ ಎರಡು ಸಾವಿರ ಡಾಲರಿಗೂ ಹೆಚ್ಚು. ಕ್ಯಾಸೆಟ್ಟಿನ ಅವಧಿ ಒಂದು ಗಂಟೆ.

ಒಂದು ಗಂಟೆ ಯಾಕೆ ಸಾಕು ಅನ್ನಿಸಿತು? ಸೋನಿಯ ಅಕಿಯೋ ಮೊರಿತಾ ಅವರ ತಲೆಯಲ್ಲಿದ್ದ ಚಿತ್ರ ಇದು. ಟಿವಿ ಕಾರ್ಯಕ್ರಮವನ್ನೂ ಪತ್ರಿಕೆಯ ಹಾಗೆ ನಮಗೆ ಬಿಡುವಾದಾಗ ಎತ್ತಿಕೊಂಡು ನೋಡುವಂತಿರಬೇಕು. ಟಿವಿ ಕಾರ್ಯಕ್ರಮ ಅಂದ್ರೆ ಅರ್ಧ ಗಂಟೆ, ಇಲ್ಲಾ ಒಂದು ಗಂಟೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಯಂತ್ರ ಮನೆಗೆ ಬಂದ ಮೇಲೆ ಅದರಲ್ಲಿ ಏನು ಹಿಡಿಯಬೇಕು ಅಂತ ತೀರ್ಮಾನಿಸೋರು ಮನೆಯವರು. ಅವರಿಗೆ ಬೇಕಾಗಿದ್ದದ್ದು ಸಿನಿಮಾ. ಎರಡು ಗಂಟೆಯ ಸಿನಿಮಾದ ನಡುವೆ ಎದ್ದು ಕ್ಯಾಸೆಟ್ ಬದಲಾಯಿಸಬೇಕು ಅಂದ್ರೆ, ಮನೆಯಲ್ಲಿ ಇಲ್ಲದಾಗ ರೆಕಾರ್ಡ್ ಆಗುವ ಯಂತ್ರ ಅನ್ನೋ ಮಾತಿಗೆ ಅರ್ಥ ಏನು?

ಅತ್ತ ಯೊಕೊಹಾಮಾದ ಜೆವಿಸಿಯಲ್ಲಿ ಯುಮಾ ಶಿರೈಶಿ ಮತ್ತು ಶಿಜುವೊ ತಕಾನೊ 1971ರಲ್ಲೇ ಒಂದು ಪಟ್ಟಿ ಬರೆದುಕೊಂಡಿದ್ದರು. ಹನ್ನೆರಡು ಅಂಶಗಳ ಪಟ್ಟಿ. ಕಂಪನಿಗೆ ಹಣದ ಮುಗ್ಗಟ್ಟು ಬಂದು ವಿಡಿಯೋ ವಿಭಾಗಕ್ಕೆ ಕತ್ತರಿ ಬಿದ್ದಾಗಲೂ ಈ ಕೆಲಸ ಗುಟ್ಟಾಗಿ ಮುಂದುವರಿಯಿತು. ಆ ಪಟ್ಟಿಯಲ್ಲಿ ಚಿತ್ರದ ಗುಣಮಟ್ಟದ ಬಗ್ಗೆ ಇದ್ದದ್ದು, ಮಾಮೂಲಿ ಟಿವಿಯಲ್ಲಿ ಬರುವಷ್ಟೇ ಚೆನ್ನಾಗಿರಲಿ ಅನ್ನುವ ಮಟ್ಟಿಗೆ. ಕನಿಷ್ಠ ಎರಡು ಗಂಟೆ ರೆಕಾರ್ಡ್ ಆಗಬೇಕು. ಒಂದು ಯಂತ್ರದ ಕ್ಯಾಸೆಟ್ ಇನ್ನೊಂದರಲ್ಲಿ ಓಡಬೇಕು. ಕ್ಯಾಮೆರಾಗೆ ಜೋಡಿಸೋಕೆ ಬರಬೇಕು, ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡೋಕೆ ಬರಬೇಕು. ಕೊಳ್ಳುವವರ ಕೈಗೆಟುಕಬೇಕು, ರಿಪೇರಿ ಸುಲಭವಾಗಿರಬೇಕು. ನನಗೆ ಈ ಪಟ್ಟಿಯ ಬಗ್ಗೆ ತುಂಬಾ ಗೌರವ. ಇಂಜಿನಿಯರುಗಳು ತಾವು ಏನು ಮಾಡಬಲ್ಲೆವು ಅಂತ ಬರೆದುಕೊಳ್ಳೋದು ಮಾಮೂಲು, ಇವರು ಮನೆಯಲ್ಲಿ ಕೂತವನಿಗೆ ಏನು ಬೇಕು ಅಂತ ಬರೆದುಕೊಂಡರು.

1974ರ ಕೊನೆಯಲ್ಲಿ ಸೋನಿ ತನ್ನ ಯಂತ್ರವನ್ನು ಜೆವಿಸಿ, ಮತ್ಸುಷಿತ ಇಬ್ಬರಿಗೂ ತೋರಿಸಿ, ಯು-ಮ್ಯಾಟಿಕ್ ಹಾಗೆ ಇದನ್ನೂ ಒಪ್ಪಿಕೊಳ್ಳಿ ಅಂದಿತ್ತು. ಅವರು ಒಪ್ಪಲಿಲ್ಲ. 1976ರ ಅಕ್ಟೋಬರ್ 31ರಂದು ಜೆವಿಸಿಯ ವಿಎಚ್‌ಎಸ್ ಮಾರಾಟಕ್ಕೆ ಬಂತು. ಎರಡು ಗಂಟೆ. ಬೀಟಾ ಕ್ಯಾಸೆಟ್ಟು 156 ಮಿಲಿಮೀಟರ್ ಉದ್ದ, ವಿಎಚ್‌ಎಸ್ 188 ಮಿಲಿಮೀಟರ್. ಡಬ್ಬಿ ಮೂರು ಸೆಂಟಿಮೀಟರ್ ದೊಡ್ಡದು, ಟೇಪು ಓಡುವ ವೇಗ ತುಸು ಕಮ್ಮಿ, ಸೆಕೆಂಡಿಗೆ 3.3 ಸೆಂಟಿಮೀಟರ್. ಜೇಬಿನ ಪುಸ್ತಕದ ಅಳತೆಗೆ ಜೋತುಬಿದ್ದವರು ಒಂದು ಗಂಟೆಗೆ ನಿಂತರು. ಹಾಸಿಗೆ ಚೆಂದ ಇತ್ತು, ಕಾಲು ಚಾಚೋಕೆ ಜಾಗ ಇರಲಿಲ್ಲ.

ಒಂದೇ ದೇಶದಲ್ಲಿ ಎರಡು ಫಾರ್ಮ್ಯಾಟ್ ಬೇಡ ಅಂತ ಜಪಾನಿನ ವಾಣಿಜ್ಯ ಮಂತ್ರಾಲಯ ಮಧ್ಯಸ್ಥಿಕೆಗೆ ಬಂತು. ಆಗಲಿಲ್ಲ. ಹಿಟಾಚಿ, ಶಾರ್ಪ್, ಮಿತ್ಸುಬಿಷಿ, ಮತ್ಸುಷಿತ ಜೆವಿಸಿ ಕಡೆ. ತೋಷಿಬಾ, ಸ್ಯಾನ್ಯೊ ಸೋನಿ ಕಡೆ.

ಇನ್ನು ಅಮೆರಿಕ. ಅಲ್ಲಿನ ದೊಡ್ಡ ಟಿವಿ ಕಂಪನಿ ಆರ್‌ಸಿಎಗೆ ಒಂದು ವಿಡಿಯೋ ಯಂತ್ರ ಬೇಕಿತ್ತು. ಆದರೆ ಅವರ ಷರತ್ತು ಎರಡು ಗಂಟೆಯಲ್ಲ, ನಾಲ್ಕು. ಕಾರಣ ಅಮೆರಿಕನ್ ಫುಟ್‌ಬಾಲ್. ಆಡುವುದು ಲೆಕ್ಕಕ್ಕೆ ಒಂದು ಗಂಟೆ, ನಿಲ್ಲಿಸಿ ನಿಲ್ಲಿಸಿ ಜಾಹೀರಾತು ಹಾಕಿ ಮುಗಿಯುವುದು ಮೂರು ಗಂಟೆಗೆ. (ಇಲ್ಲಿಗೆ ಬಂದು ಎಷ್ಟು ವರ್ಷ ಆದರೂ ನನಗೆ ಆ ಆಟದ ತಲೆಬುಡ ಹತ್ತಿಲ್ಲ. ವಿಡಿಯೋ ಇತಿಹಾಸಕ್ಕೆ ಅದು ಮಾಡಿದ ಉಪಕಾರ ಮಾತ್ರ ಅರ್ಥವಾಗಿದೆ.) ಟೇಪಿನ ವೇಗ ಅರ್ಧಕ್ಕಿಳಿಸಿದರೆ ಚಿತ್ರ ಕೆಡುತ್ತದೆ ಅಂತ ಜೆವಿಸಿಯವರಿಗೆ ಮನಸ್ಸಿರಲಿಲ್ಲ. ಮತ್ಸುಷಿತ ಮಾಡಿಕೊಟ್ಟಿತು. 1977ರ ಆಗಸ್ಟಿನಲ್ಲಿ ಆರ್‌ಸಿಎ ಹೆಸರಿನಲ್ಲಿ ನಾಲ್ಕು ಗಂಟೆಯ ವಿಎಚ್‌ಎಸ್ ಸುಮಾರು 1,000 ಡಾಲರಿಗೆ ಬಂತು. ಸೋನಿ ಆತುರಾತುರವಾಗಿ ತಾನೂ ವೇಗ ಅರ್ಧ ಮಾಡಿ ಎರಡು ಗಂಟೆಗೆ ತಂದಿತು. ಹಾಗೆ ಮಾಡಿದ ಕೂಡಲೇ ಅದರ ಚಿತ್ರ ಎದುರಾಳಿಗಿಂತ ಚೆನ್ನಾಗಿದೆ ಅನ್ನುವ ಹೆಮ್ಮೆಯೂ ಸವೆಯಿತು. ಬೀಟಾ ಗುಣದಲ್ಲಿ ಎಷ್ಟೋ ಮೇಲಿತ್ತು, ದಡ್ಡ ಜನ ಕೆಟ್ಟದ್ದನ್ನೇ ಆರಿಸಿಕೊಂಡರು ಅಂತ ಇವತ್ತಿಗೂ ಹೇಳುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮನೆಯ ಟಿವಿಯಲ್ಲಿ ಹತ್ತಡಿ ದೂರ ಕೂತು ನೋಡುವವನಿಗೆ ಆ ವ್ಯತ್ಯಾಸ ಹುಡುಕಿದರೆ ಸಿಗುವಂಥದ್ದು, ಆಟದ ಕೊನೆಯ ಅರ್ಧ ಗಂಟೆ ರೆಕಾರ್ಡ್ ಆಗದೆ ಹೋದದ್ದು ಹುಡುಕಬೇಕಾಗಿಲ್ಲ.

ಹಾಗಂತ ಅವಧಿ ಒಂದೇ ಕಾರಣ ಅಂದರೂ ತಪ್ಪಾಗುತ್ತೆ. ನಮ್ಮ ಭಾರತ, ಇಂಗ್ಲೆಂಡುಗಳಲ್ಲಿರುವ ಪಾಲ್ ಪದ್ಧತಿಯಲ್ಲಿ ಎರಡೂ ಟೇಪುಗಳು ಇನ್ನೂ ನಿಧಾನ ಓಡುತ್ತಿದ್ದವು. ಅಲ್ಲಿ ಬೀಟಾದಲ್ಲೂ ಮೂರು ಗಂಟೆಯ ಮೇಲೆ ರೆಕಾರ್ಡ್ ಆಗುತ್ತಿತ್ತು. ಆದರೂ ಅಲ್ಲೂ ಸೋತಿತು. ಇಂಗ್ಲೆಂಡಿನಲ್ಲಿ ಆಗ ಬಹಳ ಜನ ಟಿವಿ, ವಿಡಿಯೋ ಯಂತ್ರಗಳನ್ನು ಕೊಳ್ಳುತ್ತಿರಲಿಲ್ಲ, ತಿಂಗಳ ಬಾಡಿಗೆಗೆ ತರುತ್ತಿದ್ದರು. ಆ ಬಾಡಿಗೆ ವ್ಯಾಪಾರದ ದೊಡ್ಡ ಕುಳ ಥಾರ್ನ್ ಇಎಂಐ ವಿಎಚ್‌ಎಸ್ ಹಿಡಿಯಿತು, ಊರೆಲ್ಲ ಹಿಡಿಯಿತು. ನೆಂಟರ ಮನೆಯಲ್ಲಿ ಯಾವುದಿದೆಯೋ ಅದನ್ನು ಕೊಂಡರೆ ತಾನೆ ಕ್ಯಾಸೆಟ್ ಕೊಟ್ಟು ತೆಗೆದುಕೊಳ್ಳೋಕೆ ಆಗೋದು? 1979ರಲ್ಲಿ ಫಿಲಿಪ್ಸ್ ಮತ್ತು ಗ್ರುಂಡಿಗ್ ತಂದ ವಿಡಿಯೋ 2000 ಇದಕ್ಕೆ ಒಳ್ಳೇ ಉದಾಹರಣೆ. ಆಡಿಯೋ ಕ್ಯಾಸೆಟ್ ಹಾಗೆ ತಿರುಗಿಸಿ ಹಾಕಬಹುದು, ಒಂದೊಂದು ಕಡೆಗೆ ನಾಲ್ಕು ಗಂಟೆ, ಒಟ್ಟು ಎಂಟು! ಟ್ರ್ಯಾಕಿಂಗ್ ಗುಂಡಿ ತಿರುಗಿಸುವ ಗೋಳೇ ಇಲ್ಲ. ಕಾಗದದ ಮೇಲೆ ಎಲ್ಲರಿಗಿಂತ ಜಾಣ. ಬರುವಷ್ಟರಲ್ಲಿ ಪಂಕ್ತಿಯಲ್ಲಿ ಎಲ್ಲರೂ ಕೂತಾಗಿತ್ತು.

ಬಾಡಿಗೆ ಸಿನಿಮಾದ ಕಥೆಯೂ ಅಷ್ಟೇ. 1977ರಲ್ಲಿ ಮಿಷಿಗನ್ ರಾಜ್ಯದ ಆಂಡ್ರೆ ಬ್ಲೇ ಅನ್ನುವವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯಿಂದ ಐವತ್ತು ಸಿನಿಮಾಗಳ ಹಕ್ಕು ಪಡೆದು ಕ್ಯಾಸೆಟ್ ಮಾಡಿ ಮಾರತೊಡಗಿದರು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಅಟ್ಕಿನ್ಸನ್ ಅವುಗಳನ್ನು ಕೊಂಡು ಬಾಡಿಗೆಗೆ ಕೊಡುವ ಅಂಗಡಿ ತೆರೆದರು. ಅಂಗಡಿಯವನಿಗೆ ಕಪಾಟಿನಲ್ಲಿ ಎರಡು ಫಾರ್ಮ್ಯಾಟ್ ಇಡೋದು ಎರಡು ಪಟ್ಟು ಖರ್ಚು. ಗಿರಾಕಿಗಳು ಹೆಚ್ಚು ಯಾವ ಕಡೆ ಇದ್ದಾರೋ ಆ ಕಪಾಟು ಬೆಳೆಯುತ್ತಾ ಹೋಯಿತು, ಆ ಕಪಾಟು ನೋಡಿ ಹೊಸ ಗಿರಾಕಿಗಳು ಆ ಯಂತ್ರವನ್ನೇ ಕೊಂಡರು.

ಕೋರ್ಟಿನ ಕಥೆ ಹೇಳದೆ ಹೋದರೆ ಹೇಗೆ! ಬೀಟಾಮ್ಯಾಕ್ಸಿನ ಒಂದು ಅಮೆರಿಕನ್ ಜಾಹೀರಾತಿನಲ್ಲಿ, ಕೊಲಂಬೊ ನೋಡ್ತಾ ಇದ್ದೀರಿ ಅಂತ ಕೊಜಾಕ್ ತಪ್ಪಿಸಿಕೊಳ್ಳಬೇಕಾಗಿಲ್ಲ ಅನ್ನುವ ಅರ್ಥದ ಸಾಲು ಇತ್ತು. ಎರಡೂ ಯೂನಿವರ್ಸಲ್ ಸ್ಟುಡಿಯೋದ ಧಾರಾವಾಹಿಗಳು. ಅವರ ಪಿತ್ತ ನೆತ್ತಿಗೇರಿತು. 1976ರ ನವೆಂಬರ್‌ನಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿ ಮೇಲೆ ದಾವೆ ಹೂಡಿದರು. ಅಂದಹಾಗೆ ಯೂನಿವರ್ಸಲ್‌ನ ಮಾಲೀಕ ಕಂಪನಿ ಎಂಸಿಎ ಆ ಹೊತ್ತಿಗೆ ಫಿಲಿಪ್ಸ್ ಜೊತೆ ತನ್ನದೇ ವಿಡಿಯೋ ಡಿಸ್ಕ್ ತಯಾರಿಯಲ್ಲಿತ್ತು, ಅದರಲ್ಲಿ ನೋಡಬಹುದೇ ಹೊರತು ರೆಕಾರ್ಡ್ ಮಾಡೋಕೆ ಬರುತ್ತಿರಲಿಲ್ಲ. 1979ರಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋನಿಗೆ ಗೆಲುವು, 1981ರಲ್ಲಿ ಅಪೀಲಿನಲ್ಲಿ ಸೋಲು. 1982ರಲ್ಲಿ ಸಿನಿಮಾ ನಿರ್ಮಾಪಕರ ಸಂಘದ ಜ್ಯಾಕ್ ವ್ಯಾಲೆಂಟಿ ಸಂಸತ್ ಸಮಿತಿಯ ಮುಂದೆ, ಒಂಟಿ ಹೆಂಗಸಿಗೆ ಬಾಸ್ಟನ್ನಿನ ಕತ್ತು ಹಿಸುಕುವ ಕೊಲೆಗಾರ ಹೇಗೋ ಸಿನಿಮಾದವರಿಗೆ ಈ ವಿಸಿಆರ್ ಹಾಗೆ ಅಂದುಬಿಟ್ಟರು. ಸೋನಿ ಪರವಾಗಿ ಸಾಕ್ಷಿ ಹೇಳಿದವರಲ್ಲಿ ಮಕ್ಕಳ ಕಾರ್ಯಕ್ರಮದ ಫ್ರೆಡ್ ರಾಜರ್ಸ್ ಇದ್ದರು. ಮನೆಯವರು ತಮಗೆ ಅನುಕೂಲವಾದ ಹೊತ್ತಿಗೆ ನೋಡಿಕೊಳ್ಳಲಿ ಬಿಡಿ, ನನಗೆ ಸಂತೋಷವೇ ಅನ್ನೋದು ಅವರ ನಿಲುವು. ಸುಪ್ರೀಂ ಕೋರ್ಟು ಎರಡೆರಡು ಸಲ ವಾದ ಕೇಳಿ, 5-4ರ ಅಂತರದಲ್ಲಿ ಸೋನಿ ಪರ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಾಧೀಶರು ಆ ಕಡೆ ವಾಲಿದ್ದರೆ ಎಲ್ಲಾ ರೆಕಾರ್ಡಿಂಗ್ ಯಂತ್ರಗಳ ಕಥೆ ಬೇರೆಯಾಗುತ್ತಿತ್ತು. ತಮಾಷೆ ಏನಂದ್ರೆ, ಆ ದಶಕ ಮುಗಿಯುವ ಮೊದಲೇ ಹಾಲಿವುಡ್ಡಿಗೆ ಥಿಯೇಟರಿಗಿಂತ ಕ್ಯಾಸೆಟ್ಟುಗಳಿಂದ ಹೆಚ್ಚು ಆದಾಯ ಬರುತ್ತಿತ್ತು.

ಸೋನಿ 1988ರಲ್ಲಿ ತಾನೇ ವಿಎಚ್‌ಎಸ್ ಯಂತ್ರ ಮಾರಲು ಶುರುಮಾಡಿತು. ಬೀಟಾ ಕ್ಯಾಸೆಟ್ಟಿನ ಡಬ್ಬಿಯನ್ನೇ ಬಳಸಿ 1982ರಲ್ಲಿ ಮಾಡಿದ ಬೀಟಾಕ್ಯಾಮ್ ಮಾತ್ರ ಟಿವಿ ಸ್ಟೇಷನ್‌ಗಳಲ್ಲಿ ವರ್ಷಗಟ್ಟಲೆ ರಾಜ್ಯವಾಳಿತು. ಮನೆಯಲ್ಲಿ ಸೋತ ಮಗ ಊರಿನಲ್ಲಿ ಗೆದ್ದ ಹಾಗೆ.

ಭಾರತಕ್ಕೆ ಈ ಜಗಳ ಬಂದದ್ದು ಮುಗಿಯುವ ಹೊತ್ತಿಗೆ. 1982ರ ಆಗಸ್ಟ್ 15ಕ್ಕೆ ದೂರದರ್ಶನ ಬಣ್ಣಕ್ಕೆ ತಿರುಗಿತು, ನವೆಂಬರ್‌ನಲ್ಲಿ ದಿಲ್ಲಿಯ ಏಷ್ಯನ್ ಗೇಮ್ಸ್. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ದುಬೈ, ಸೌದಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತರುತ್ತಿದ್ದ ಸಾಮಾನಿನಲ್ಲಿ ವಿಸಿಆರ್ ಸೇರಿಕೊಂಡಿತು. ಆ ಹೊತ್ತಿಗೆ ವಿಎಚ್‌ಎಸ್ ಮೇಲುಗೈ ಸಾಧಿಸಿತ್ತು. ನಮ್ಮ ಜನ ಆರಿಸುವ ತಲೆನೋವಿಗೇ ಹೋಗಲಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಹಾಡು, ಫೈಟು ಎಲ್ಲಾ ಸೇರಿದ ಎರಡೂವರೆ ಗಂಟೆಯ ನಮ್ಮ ಸಿನಿಮಾ ಸರಿಯಾಗಿ ಹಿಡಿಯುತ್ತಿತ್ತು. ಬೀದಿಗೊಂದು ವಿಡಿಯೋ ಲೈಬ್ರರಿ, ರಾತ್ರಿ ಬಸ್ಸುಗಳಿಗೆ ವಿಡಿಯೋ ಕೋಚ್ ಅನ್ನುವ ಬೋರ್ಡು. ಗಣಪತಿ ಹಬ್ಬಕ್ಕೆ ಟಿವಿ, ವಿಸಿಪಿ ಬಾಡಿಗೆ ತಂದು ರಾತ್ರಿಯೆಲ್ಲ ಮೂರು ಸಿನಿಮಾ.

ಆದರೆ ನಮ್ಮಲ್ಲಿ ನಿಜವಾದ ರೆಕಾರ್ಡಿಂಗ್ ನಡೆದದ್ದು ಟಿವಿಯಿಂದಲ್ಲ, ಮದುವೆ ಮನೆಯಲ್ಲಿ. ಜೆವಿಸಿಯವರ 1971ರ ಪಟ್ಟಿಯಲ್ಲಿ ಕ್ಯಾಮೆರಾ ಜೋಡಿಸುವ ಸಾಲು ಇತ್ತಲ್ಲ, ಅದು ನಮ್ಮ ಛತ್ರಗಳಲ್ಲಿ ಫಲ ಕೊಟ್ಟಿತು. ಕಣ್ಣು ಕುಕ್ಕುವ ದೊಡ್ಡ ದೀಪ, ಅದರ ವೈರು ಹಿಡಿದುಕೊಂಡ ಒಬ್ಬ ಹುಡುಗ, ಧಾರೆ ಎರೆಯುವಾಗ ಪುರೋಹಿತರಿಗೇ ಅಡ್ಡ ನಿಂತ ವಿಡಿಯೋದವರು. ಊಟದ ಪಂಕ್ತಿಯ ಉದ್ದಕ್ಕೂ ಕ್ಯಾಮೆರಾ ಹೋಗುವಾಗ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿದು ನಾಚಿಕೊಂಡ ಅತ್ತಿಗೆ, ಚಿಕ್ಕಮ್ಮಂದಿರು. ಹಿನ್ನೆಲೆಗೆ ಆ ವರ್ಷ ಹಿಟ್ಟಾದ ಸಿನಿಮಾ ಹಾಡು. ಆಗ ಅದು ಬರೀ ಬೋರು. ಈಗ ನೋಡಿದರೆ ಆ ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ಜನ ಇಲ್ಲ. ಅವರು ನಡೆದಾಡಿದ, ನಕ್ಕ, ಯಾರನ್ನೋ ಹೆಸರು ಹಿಡಿದು ಕರೆದ ದಾಖಲೆ ಬೇರೆಲ್ಲೂ ಇಲ್ಲ. ಫೋಟೋ ಇರಬಹುದು, ದನಿ ಇಲ್ಲ.

ಆ ಕ್ಯಾಸೆಟ್ಟನ್ನು ಅಮೆರಿಕಕ್ಕೆ ತಂದವರಿಗೆ ಇನ್ನೊಂದು ಪಾಠ ಕಾದಿತ್ತು. ಅದೇ ವಿಎಚ್‌ಎಸ್, ಅದೇ ಡಬ್ಬಿ, ಇಲ್ಲಿನ ವಿಸಿಆರ್ ಬಾಯಿಗೆ ಸಲೀಸಾಗಿ ಹೋಗುತ್ತದೆ. ಪ್ಲೇ ಒತ್ತಿದರೆ ಬರೀ ಗೆರೆಗಳು. ಭಾರತದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೆ 625 ಗೆರೆ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಸುಮಾರು 30 ಚಿತ್ರ, 525 ಗೆರೆ. ತಂಗಿಯ ಮದುವೆಗೆ ಹೋಗಲಾಗದೆ ಕ್ಯಾಸೆಟ್ಟಿಗೆ ಕಾದು ಕೂತವರು, ಅದು ಕೈಗೆ ಬಂದ ಮೇಲೂ ಪರಿವರ್ತನೆ ಮಾಡಿಕೊಡುವ ಅಂಗಡಿ ಹುಡುಕಬೇಕಾಗಿತ್ತು. ಇಲ್ಲವೇ ಎಲ್ಲಾ ಪದ್ಧತಿಗೂ ಒಗ್ಗುವ ದುಬಾರಿ ವಿಸಿಆರ್ ಇರುವ ಒಬ್ಬ ಕನ್ನಡಿಗರ ಮನೆ. ದುಬೈಯವರಿಗೆ ಈ ಕಷ್ಟ ಇರಲಿಲ್ಲ, ಅಲ್ಲೂ ಪಾಲ್.

ಆಮೇಲಿನ ಕಥೆ ಬೇಗ ಹೇಳಬಹುದು. ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂತು. ರೆಕಾರ್ಡ್ ಮಾಡೋಕೆ ಬರದಿದ್ದರೂ ಗೆದ್ದಿತು. ಹದಿನೈದು ವರ್ಷ ಮುಂಚೆ, 1981ರಲ್ಲಿ, ರೆಕಾರ್ಡ್ ಮಾಡೋಕೆ ಬರದ ಡಿಸ್ಕನ್ನೇ ತಂದು ಆರ್‌ಸಿಎ ಕೈಸುಟ್ಟುಕೊಂಡು 1984ರಲ್ಲಿ ನಿಲ್ಲಿಸಿತ್ತು. ಕಾಲ ಬದಲಾಗಿತ್ತು. ಜನ ಸಿನಿಮಾ ಕೊಳ್ಳೋದು, ಬಾಡಿಗೆ ತರೋದು ರೂಢಿಯಾಗಿತ್ತು, ಟಿವಿ ರೆಕಾರ್ಡ್ ಮಾಡುವ ಕೆಲಸವನ್ನು 1999ರ ಟಿವೋ ತರಹದ ಹಾರ್ಡ್ ಡಿಸ್ಕ್ ಪೆಟ್ಟಿಗೆಗಳು ವಹಿಸಿಕೊಂಡವು. ರೆಕಾರ್ಡ್ ಆಗುವ ಡಿವಿಡಿ ಬಂದಾಗ ಅದು ಮೈನಸ್ ಆರ್, ಪ್ಲಸ್ ಆರ್, ರ್‍ಯಾಮ್ ಅಂತ ಒಡೆದ ಮನೆ. ಬ್ಲೂ-ರೇ 2003ರಲ್ಲಿ ಜಪಾನಿಗೆ ಬಂದದ್ದೇ ರೆಕಾರ್ಡ್ ಮಾಡುವ ಯಂತ್ರವಾಗಿ, 4,50,000 ಯೆನ್ ಬೆಲೆಗೆ. ತೋಷಿಬಾದ ಎಚ್‌ಡಿ ಡಿವಿಡಿ 2008ರ ಫೆಬ್ರವರಿಯಲ್ಲಿ ಕಣದಿಂದ ಹಿಂದೆ ಸರಿದಾಗ ಸೋನಿಗೆ ಬೀಟಾಮ್ಯಾಕ್ಸಿನ ಸೇಡು ತೀರಿತು ಅಂತ ಪತ್ರಿಕೆಗಳು ಬರೆದವು. ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಗೆದ್ದ ಫಾರ್ಮ್ಯಾಟ್ ಕೂಡ ಅಷ್ಟೇ ದಿನ.

ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಅನ್ನುವ ಮಹಿಳೆ ಇದ್ದರು, ಹಿಂದೆ ಲೈಬ್ರರಿಯಲ್ಲಿ ಕೆಲಸ ಮಾಡಿದವರು. 1970ರ ದಶಕದ ಕೊನೆಯಿಂದ ಹಗಲು ರಾತ್ರಿ ಟಿವಿ ವಾರ್ತೆಗಳನ್ನು ಹಲವು ಯಂತ್ರಗಳಲ್ಲಿ ರೆಕಾರ್ಡ್ ಮಾಡುತ್ತಲೇ ಹೋದರು, 2012ರ ಡಿಸೆಂಬರ್ 14ರಂದು ತೀರಿಕೊಳ್ಳುವವರೆಗೆ. ಹುಚ್ಚು ಅಂದವರಿದ್ದರು. ಟಿವಿ ಸ್ಟೇಷನ್‌ಗಳೇ ಎಷ್ಟೋ ವಾರ್ತೆಗಳನ್ನು ಉಳಿಸಿಕೊಂಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಸುಮಾರು 70,000 ಕ್ಯಾಸೆಟ್ಟುಗಳು, ಬೀಟಾ ಮತ್ತು ವಿಎಚ್‌ಎಸ್ ಎರಡೂ, ಇಂಟರ್ನೆಟ್ ಆರ್ಕೈವ್ ಪಾಲಿಗೆ ಬಂದವು. ಅವುಗಳನ್ನು ಓದಲು ಇವತ್ತಿಗೂ ಸಾಧ್ಯವಿರುವುದು ಆ ಎರಡು ಬಗೆಯ ಯಂತ್ರಗಳೂ ಹಳೇ ಸಾಮಾನಿನ ರಾಶಿಯಲ್ಲಿ ಇನ್ನೂ ಸಿಗುತ್ತಿರುವುದರಿಂದ. ಬೀಟಾ ಸೋತರೂ ಸುಮಾರು 1 ಕೋಟಿ 80 ಲಕ್ಷ ಯಂತ್ರ ಮಾರಿತ್ತು. ಅವರು ಕಾರ್ಟ್ರಿವಿಷನ್ ನೆಚ್ಚಿಕೊಂಡಿದ್ದರೆ?

ಸಿಗುವುದು ಎಷ್ಟು ದಿನ ಅನ್ನೋದು ಬೇರೆ ಮಾತು. ಸೋನಿ ಬೀಟಾ ಯಂತ್ರಗಳನ್ನು 2002ರಲ್ಲಿ, ಕ್ಯಾಸೆಟ್ಟುಗಳನ್ನು 2016ರ ಮಾರ್ಚಿನಲ್ಲಿ ನಿಲ್ಲಿಸಿತು. ಕೊನೆಯವರೆಗೂ ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಕೈಚೆಲ್ಲಿತು, ಬಿಡಿಭಾಗಗಳು ಸಿಗುತ್ತಿಲ್ಲ ಅಂತ. ಅದಕ್ಕೂ ಹಿಂದಿನ ವರ್ಷ ಅದು 7,50,000 ಯಂತ್ರ ಮಾರಿತ್ತು. ಅಂದರೆ ಆಗಲೂ ಕೊಳ್ಳುವವರಿದ್ದರು.

ಹಾಗಾಗಿ ಊರಿನ ಬೀರುವಿನಲ್ಲೋ ಇಲ್ಲಿನ ಗ್ಯಾರೇಜಿನಲ್ಲೋ ಮದುವೆ ಕ್ಯಾಸೆಟ್ ಇದ್ದರೆ ಈ ರಜೆಯಲ್ಲೇ ತೆಗೆದು ನೋಡಿ. ಡಬ್ಬಿಯ ಕಿಟಕಿಯಿಂದ ಟೇಪಿನ ಸುರುಳಿ ಮೇಲೆ ಬೆಳ್ಳಗೆ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಹೆಡ್ಡೂ ಕೆಡುತ್ತೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಅಂಟುತ್ತೆ. ಅಂಥದ್ದನ್ನು ಶುಚಿ ಮಾಡುವವರು ಇದ್ದಾರೆ, ಅವರಿಗೇ ಕೊಡಿ. ಊರಿನಿಂದ ಬಂದದ್ದಾದರೆ ಪಾಲ್ ಅಂತ ಮೊದಲೇ ಹೇಳಿ. ಲೇಬಲ್ ಅಂಟಿಸುವ ಬೆನ್ನಿನ ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದು ಇನ್ನೂ ಇದ್ದರೆ, ಅದರ ಮೇಲೆ ಬೇರೇನಾದರೂ ರೆಕಾರ್ಡ್ ಆಗಿಬಿಡಬಹುದು ಅಂತ ಅರ್ಥ. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಮುರಿದು ಆಮೇಲೆ ಪ್ಲೇ ಒತ್ತಿ.